ಒಬ್ಬರೇ ಬಂದವರಿಗೂ ಒಂದು ಜಾಗ ಇರಲಿ

ಸಂಪಾದಕರಿಗೆ,

ನಮಸ್ಕಾರ.

ಕಳೆದ ವಾರ ಓದುಗರ ಪುಟದಲ್ಲಿ ಒಬ್ಬರು ಗಾಲ್ಫ್ ಬಗ್ಗೆ ಬರೆದಿದ್ದರು. ಅದು ದುಡ್ಡಿದ್ದವರು ಗೇಟು ಹಾಕಿಕೊಂಡು ಆಡುವ ಆಟ, ಅದಕ್ಕೆ ಪತ್ರಿಕೆಯಲ್ಲಿ ಜಾಗ ಯಾಕೆ ಅಂತ ಅವರ ಪ್ರಶ್ನೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಗೇಟಿನ ಹೊರಗೆ ನಾನೂ ನಿಂತಿದ್ದೇನೆ. ಆದರೆ ಹದಿನಾಲ್ಕು ವರ್ಷದಿಂದ ಕೆಲಸದ ಮೇಲೆ ಊರೂರು ಸುತ್ತುತ್ತಾ, ಅವಕಾಶ ಸಿಕ್ಕಿದ ಕಡೆಯೆಲ್ಲ ಆಡಿದವಳು ನಾನು. ಗೇಟು ತೆರೆದಿಟ್ಟ ಮೈದಾನಗಳೂ ಇವೆ. ಅವುಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ.

ನನ್ನದು ಆಡಿಟ್ ಕೆಲಸ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಬೇರೆ ಬೇರೆ ಊರಿನ ಶಾಖೆಗಳಲ್ಲಿ ಕೂತು ಲೆಕ್ಕ ನೋಡಬೇಕು. ಇತ್ತೀಚೆಗೆ ಒಂದು ಊರಲ್ಲಿ ನಾನು ನೋಡಬೇಕಿದ್ದ ಕಡತಗಳು ಮರುದಿನ ಬೆಳಗ್ಗೆ ಬರುತ್ತವೆ ಅಂದರು. ಮಧ್ಯಾಹ್ನ ಹನ್ನೆರಡೂವರೆಗೇ ಕೈ ಖಾಲಿ. ಹೋಟೆಲ್ ರೂಮಿನಲ್ಲಿ ಸುಮ್ನೆ ಗೋಡೆ ನೋಡುತ್ತಾ ಕೂರುವುದು ನನಗೆ ಆಗದ ಮಾತು. ಊರಾಚೆ ಒಂದು ಪಾರ್ಕ್‌ಲ್ಯಾಂಡ್ ಗಾಲ್ಫ್ ಮೈದಾನ ಇದೆ ಅಂತ ಗೊತ್ತಾಯಿತು. ಫೋನ್ ಮಾಡಿದೆ.

ಮೈದಾನದ ಹೆಸರು, ಊರಿನ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಇದು ಒಂದು ಮೈದಾನದ ಜಾಹೀರಾತು ಆಗಿಬಿಡುತ್ತದೆ. ನಾನು ಹೇಳಬೇಕಾದದ್ದು ಆ ತರದ ಎಲ್ಲ ಮೈದಾನಗಳ ಬಗ್ಗೆ.

ಫೋನ್ ಎತ್ತಿದವರು ಒಬ್ಬ ಹೆಂಗಸು. ನಾನು ನಾಲ್ಕು ಪ್ರಶ್ನೆ ಕೇಳಿದೆ. ಸದಸ್ಯೆ ಅಲ್ಲ, ಆಡಬಹುದಾ? ಒಬ್ಬಳೇ ಬರುತ್ತೇನೆ, ಪರವಾಗಿಲ್ಲವಾ? ಕ್ಲಬ್ (ಚೆಂಡು ಹೊಡೆಯುವ ಕೋಲು) ತಂದಿಲ್ಲ, ಬಾಡಿಗೆಗೆ ಸಿಗುತ್ತದಾ? ಏನು ಹಾಕಿಕೊಂಡು ಬರಬೇಕು? ನಾಲ್ಕಕ್ಕೂ ನೇರ ಉತ್ತರ ಬಂತು. ಬನ್ನಿ, ಎರಡು ಗಂಟೆ ಹತ್ತು ನಿಮಿಷಕ್ಕೆ ಮೂರು ಜನ ಹೊರಡುತ್ತಾರೆ, ಅವರ ಜೊತೆ ಹಾಕುತ್ತೇನೆ. ಅರ್ಧ ಸೆಟ್ ಕ್ಲಬ್ ಇದೆ. ನಡೆಯಲು ಹಿತವಾಗಿರುವ ಬಟ್ಟೆ, ಜಾರದ ಶೂ ಸಾಕು. ಆಮೇಲೆ ನಾನು ಕೇಳದೇ ಇದ್ದದ್ದನ್ನೂ ಅವರೇ ಹೇಳಿದರು: 'ಹತ್ತು ದಿನದ ಹಿಂದೆ ಗ್ರೀನ್‌ಗಳಿಗೆ ತೂತು ಹೊಡೆದು ಮರಳು ತುಂಬಿದ್ದೇವೆ. ಚೆಂಡು ಸ್ವಲ್ಪ ಕುಣಿಯುತ್ತೆ. ಅದಕ್ಕೆ ಈ ವಾರ ಫೀ ಕಡಿಮೆ ಮಾಡಿದ್ದೇವೆ.'

ಈ ಕೊನೆಯ ಮಾತು ಸಣ್ಣದಲ್ಲ. ಗ್ರೀನ್ ಅಂದರೆ ಕುಳಿಯ ಸುತ್ತ ಇರುವ ನುಣುಪು ಹುಲ್ಲಿನ ಜಾಗ. ಎಲ್ಲರೂ ಓಡಾಡಿ ಓಡಾಡಿ ಅಲ್ಲಿನ ಮಣ್ಣು ಗಟ್ಟಿಯಾಗುತ್ತದೆ. ಬೇರಿಗೆ ಗಾಳಿ, ನೀರು ಹೋಗುವುದಿಲ್ಲ. ಹಾಗಾಗಿ ವರ್ಷಕ್ಕೆ ಒಂದೆರಡು ಸಲ ಯಂತ್ರದಿಂದ ಬೆರಳು ಗಾತ್ರದ ತೂತು ಮಾಡಿ ಮರಳು ತುಂಬಿಸುತ್ತಾರೆ. ಹುಲ್ಲು ಮತ್ತೆ ಕೂಡಿಕೊಳ್ಳುವವರೆಗೆ ಚೆಂಡು ನೇರ ಉರುಳುವುದಿಲ್ಲ. ಬಹುತೇಕ ಮೈದಾನಗಳು ಮಾಡುವ ಕೆಲಸವೇ ಇದು. ಆದರೆ ದೂರದಿಂದ ಬರುವವರಿಗೆ ಮೊದಲೇ ಹೇಳಿ ಫೀ ಇಳಿಸುವವರು ಕಡಿಮೆ. ನಾನು ಕೊಟ್ಟ ಹಣ ಆ ರಾತ್ರಿಯ ರೂಮ್ ಬಾಡಿಗೆಯ ಕಾಲು ಭಾಗವೂ ಆಗಲಿಲ್ಲ. ಅದರಲ್ಲೇ 18 ಹೋಲ್, ಅಂದರೆ 18 ಕುಳಿಗಳ ಪೂರ್ತಿ ಆಟ, ಕ್ಲಬ್ ಬಾಡಿಗೆ, ಚೀಲ ಎಳೆಯಲು ಒಂದು ಟ್ರಾಲಿ.

ಪಾರ್ಕ್‌ಲ್ಯಾಂಡ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫ್ ಹುಟ್ಟಿ ಬೆಳೆದದ್ದು ಸ್ಕಾಟ್ಲೆಂಡಿನ ಕಡಲ ತೀರದ ಮರಳು ನೆಲದಲ್ಲಿ. ಅಂಥ ಮೈದಾನಕ್ಕೆ ಲಿಂಕ್ಸ್ ಅನ್ನುತ್ತಾರೆ. ಅಲ್ಲಿ ಮರ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ನೆಲ ಗಟ್ಟಿ, ಗಾಳಿ ಜೋರು. ಚೆಂಡು ಬಿದ್ದ ಮೇಲೂ ಓಡುತ್ತಲೇ ಇರುತ್ತದೆ. ಪಾರ್ಕ್‌ಲ್ಯಾಂಡ್ ಒಳನಾಡಿನದು. ದೊಡ್ಡ ಮರಗಳು, ಮೆತ್ತಗಿನ ಹುಲ್ಲು, ಎಲ್ಲೋ ಒಂದು ಹಳ್ಳ. ಇಲ್ಲಿ ಚೆಂಡು ಬಿದ್ದ ಕಡೆ ನಿಲ್ಲುತ್ತದೆ. ಕಾಟ ಕೊಡುವುದು ಗಾಳಿ ಅಲ್ಲ, ಮರ. ನೆರಳಿದೆ, ನೆಲ ಕಾಲಿಗೆ ಹಿತ. ಎಂಥವರೂ ಮೂರೂವರೆ, ನಾಲ್ಕು ಗಂಟೆ ಇದರೊಳಗೆ ನಡೆದಾಡಬಹುದು. ಪ್ರಯಾಣದ ನಡುವೆ ಆಡುವವರಿಗೆ ಇದಕ್ಕಿಂತ ಒಳ್ಳೆಯ ಮೈದಾನ ಇಲ್ಲ ಅಂತ ನನ್ನ ಅಭಿಪ್ರಾಯ. ಲಿಂಕ್ಸ್‌ನಲ್ಲಿ ಆಡಲು ಆ ಊರಿನ ಗಾಳಿ ಗೊತ್ತಿರಬೇಕು. ಪಾರ್ಕ್‌ಲ್ಯಾಂಡಿನಲ್ಲಿ ಮುಂದೆ ಏನಿದೆ ಅನ್ನುವುದು ಮೊದಲ ಸಲ ಬಂದವರಿಗೂ ಕಣ್ಣಿಗೆ ಕಾಣುತ್ತದೆ.

ಎರಡಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆ. ಒಂದು ಚಿಕ್ಕ ಕಟ್ಟಡ, ಮುಂದೆ ಒಂದು ಬೆಂಚು. ಅದರ ಮೇಲೆ ಒಂದು ತಗಡಿನ ಡಬ್ಬಿ, ಡಬ್ಬಿಯ ತುಂಬಾ ಆ ಮೈದಾನದಲ್ಲಿ ಸಿಕ್ಕಿದ ಹಳೇ ಚೆಂಡುಗಳು. ಬೇಕಾದಷ್ಟು ತೆಗೆದುಕೊಳ್ಳಿ, ಉಳಿದರೆ ವಾಪಸ್ ಹಾಕಿ ಅಂತ ಕೈಬರಹದ ಚೀಟಿ. ಬಾಡಿಗೆ ಚೀಲದಲ್ಲಿ ಏಳು ಕ್ಲಬ್ ಇದ್ದವು. ನಿಯಮದ ಪ್ರಕಾರ 14ರವರೆಗೆ ಒಯ್ಯಬಹುದು, ಆದರೆ ನನ್ನಂಥವರಿಗೆ ಏಳು ಧಾರಾಳ. ಹಿಡಿಕೆಯ ರಬ್ಬರ್ ಸವೆದಿರಲಿಲ್ಲ. ಯಾರೋ ಅದನ್ನು ತೊಳೆದು ಒಣಗಿಸಿ ಇಟ್ಟಿದ್ದರು. ಬಾಡಿಗೆ ಸೆಟ್ಟಿನ ಹಿಡಿಕೆ ಅಂಟಂಟಾಗಿದ್ದರೆ ಆ ಮೈದಾನದವರಿಗೆ ಹೊರಗಿನವರು ಬೇಕಿಲ್ಲ ಅಂತ ಲೆಕ್ಕ. ನಾನು ಮೊದಲು ನೋಡುವುದೇ ಅದನ್ನು.

ಜೊತೆಗೆ ಬಂದವರು ಮೂರು ಜನ. ಒಬ್ಬರು ನಿವೃತ್ತ ಬಸ್ ಚಾಲಕರು. ಅವರ ಮೊಮ್ಮಗಳು, ಹದಿಮೂರು ವರ್ಷದವಳು. ಇನ್ನೊಬ್ಬರು ಬೀಗ ರಿಪೇರಿ ಮಾಡುವವರು, ವಾರಕ್ಕೆ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಬರುತ್ತಾರಂತೆ. ಕಳೆದ ವಾರ ಬರೆದ ಆ ಓದುಗರು ಇವರನ್ನು ನೋಡಬೇಕಿತ್ತು. ಹುಡುಗಿಯ ಕ್ಲಬ್‌ಗಳು ಅಜ್ಜನ ಹಳೆಯವು. ಅವಳ ಎತ್ತರಕ್ಕೆ ತಕ್ಕಂತೆ ಕೋಲು ಕತ್ತರಿಸಿ, ಹೊಸ ಹಿಡಿಕೆ ಹಾಕಿಸಿದ್ದರು.

ಪ್ರತಿ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಅನ್ನುತ್ತಾರೆ. ಕುಳಿಗೆ ಹತ್ತಿರದ್ದು ಮುಂದಿನ ಟೀ, ದೂರದ್ದು ಹಿಂದಿನ ಟೀ. ಮೊದಲ ಟೀಯಲ್ಲಿ ಅಜ್ಜ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. 'ಮೇಡಂ, ಎಲ್ಲಿಂದ ಹೊಡೀತೀರಿ? ನಾವು ಮೂವರೂ ಮುಂದಿನ ಟೀಯಿಂದ. ಹಿಂದೆ ಹೋಗೋದಾದರೆ ಕಾಯ್ತೀವಿ.' ನಾನೂ ಮುಂದಿನದರಿಂದಲೇ ಅಂದೆ. ಅಲ್ಲಿಂದ ಇಡೀ ಮೈದಾನ ಸುಮಾರು 4,500 ಮೀಟರ್. ಹಿಂದಿನದರಿಂದ ಆಡಿದರೆ ಇನ್ನೂ ಏಳುನೂರು ಮೀಟರ್ ಜಾಸ್ತಿ. 2011ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಗಳು, ನೀವು ಹೊಡೆಯುವ ದೂರಕ್ಕೆ ಸರಿಹೋಗುವ ಟೀ ಆರಿಸಿಕೊಳ್ಳಿ, ಮುಂದಿನಿಂದ ಆಡಿ ಅಂತ ಒಂದು ಅಭಿಯಾನವನ್ನೇ ಮಾಡಿದವು. ಮುಂದಿನ ಟೀ ಹೆಂಗಸರದ್ದು, ಹಿಂದಿನದು ಗಂಡಸರದ್ದು ಅನ್ನುವ ಹಳೇ ಮಾತು ಈಗಲೂ ಕೆಲವು ಕಡೆ ಇದೆ. ಇಲ್ಲಿ ಅರವತ್ತೊಂಬತ್ತರ ಗಂಡಸು, ಹದಿಮೂರರ ಹುಡುಗಿ, ನಾನು, ಬೀಗದವರು ಒಂದೇ ಕಡೆ ನಿಂತು ಹೊಡೆದೆವು. ಸಮಯವೂ ಉಳಿಯಿತು, ಮಾತೂ ಮುರಿಯಲಿಲ್ಲ.

ನನ್ನ ಹ್ಯಾಂಡಿಕ್ಯಾಪ್ 27. ಹ್ಯಾಂಡಿಕ್ಯಾಪ್ ಅಂದರೆ ನಮ್ಮ ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೆಚ್ಚುವರಿ ಹೊಡೆತಗಳು. ಮೊದಲು ಇದಕ್ಕೆ ಜಗತ್ತಿನಲ್ಲಿ ಆರು ಬೇರೆ ಬೇರೆ ಪದ್ಧತಿಗಳಿದ್ದವು. 2020ರಲ್ಲಿ ಅವನ್ನೆಲ್ಲ ಸೇರಿಸಿ ಒಂದೇ ಮಾಡಿದರು. ಕಳೆದ 20 ಆಟಗಳಲ್ಲಿ ಒಳ್ಳೆಯ 8ರ ಸರಾಸರಿ ತೆಗೆಯುತ್ತಾರೆ. ಗರಿಷ್ಠ 54. ಹೊಸಬರಿಗೂ ಅದರಲ್ಲಿ ಜಾಗವಿದೆ. ಮೈದಾನ ಎಷ್ಟು ಕಷ್ಟ ಅನ್ನುವುದಕ್ಕೂ ಒಂದು ಸಂಖ್ಯೆ ಇದೆ, ಅದಕ್ಕೆ ಸ್ಲೋಪ್ ಅನ್ನುತ್ತಾರೆ. ಮಧ್ಯಮ ಮಟ್ಟಕ್ಕೆ 113. ಈ ಮೈದಾನದ್ದು ಅದಕ್ಕಿಂತ ಕಡಿಮೆ, ಹಾಗಾಗಿ ಆ ದಿನ ನನಗೆ 25 ಹೊಡೆತ ಸಿಕ್ಕವು. ಲೆಕ್ಕ ನೋಡುವವಳಿಗೆ ಇದು ಬಲು ಇಷ್ಟದ ವಿಷಯ. ಯಾವ ಊರಿಗೆ ಹೋದರೂ ಗುರುತಿಲ್ಲದವರ ಜೊತೆ ಸರಿಸಮವಾಗಿ ಆಡಬಹುದು. ಬೇರೆ ಯಾವ ಆಟದಲ್ಲಿ ಹೀಗೆ ಆಗುತ್ತದೆ ಹೇಳಿ?

ನಾವು ಸ್ಟೇಬಲ್‌ಫೋರ್ಡ್ ಆಡಿದೆವು. ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಫ್ರಾಂಕ್ ಸ್ಟೇಬಲ್‌ಫೋರ್ಡ್ ಅನ್ನುವ ಡಾಕ್ಟರ್ 1932ರಲ್ಲಿ ಆಡಿಸಿದ ಪದ್ಧತಿ ಅದು. ಹೊಡೆತ ಎಣಿಸುವ ಬದಲು ಪ್ರತಿ ಹೋಲ್‌ಗೂ ಅಂಕ. ಒಂದೊಂದು ಹೋಲ್‌ಗೆ ಇಷ್ಟು ಹೊಡೆತ ಅಂತ ನಿಗದಿ ಇರುತ್ತದೆ, ಅದಕ್ಕೆ ಪಾರ್ ಅನ್ನುತ್ತಾರೆ. ನಿಮ್ಮ ಹೆಚ್ಚುವರಿ ಹೊಡೆತ ಕಳೆದು ಪಾರ್ ಮಾಡಿದರೆ 2, ಒಂದು ಜಾಸ್ತಿ ಆದರೆ 1, ಒಂದು ಕಡಿಮೆ ಆದರೆ 3. ಎರಡೋ ಅದಕ್ಕಿಂತ ಹೆಚ್ಚೋ ಜಾಸ್ತಿ ಆದರೆ ಸೊನ್ನೆ, ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲ್‌ಗೆ ನಡೆಯಿರಿ. ಮೊದಲೆರಡು ಹೋಲ್‌ನಲ್ಲೇ ಸ್ಕೋರ್ ಕೆಟ್ಟವರು ಬೇಸತ್ತು ಆಟ ಬಿಡಬಾರದು ಅನ್ನುವುದೇ ಆ ಡಾಕ್ಟರ ಉದ್ದೇಶ. ನನಗೆ ಮೂರನೇ ಹೋಲ್‌ನಲ್ಲಿ ಸೊನ್ನೆ ಬಂತು. ನಾಲ್ಕನೆಯದರಲ್ಲಿ ಮೂರು. ಹುಡುಗಿ ಕಾರ್ಡಿನಲ್ಲಿ ಆ ಮೂರನ್ನು ದೊಡ್ಡದಾಗಿ ಬರೆದಳು.

ಈಗ ಏಳನೇ ಹೋಲ್ ಬಗ್ಗೆ ಹೇಳಲೇಬೇಕು. ಪಾರ್ 4. ಎಡಕ್ಕೆ ಸ್ವಲ್ಪ ತಿರುಗುತ್ತದೆ. ತಿರುವಿನಲ್ಲಿ, ಫೇರ್‌ವೇಯ (ಟೀಯಿಂದ ಗ್ರೀನ್ ಕಡೆಗೆ ಹೋಗುವ ಕತ್ತರಿಸಿದ ಹುಲ್ಲಿನ ಹಾದಿ) ಎಡ ಅಂಚಿಗೆ, ಒಂದು ದೊಡ್ಡ ಮರ. ಅದರ ಬುಡ ಎಷ್ಟು ದಪ್ಪ ಅಂದರೆ ನಾವು ನಾಲ್ವರೂ ಕೈ ಹಿಡಿದು ನಿಂತರೆ ಸರಿಹೋಗುತ್ತಿತ್ತೇನೋ. ಕೊಂಬೆಗಳು ಅರ್ಧ ಹಾದಿಗೆ ಚಾಚಿವೆ. ನಾನು ಹೊಡೆದ ಚೆಂಡು ನೇರ ಅದರೊಳಗೆ ಹೋಯಿತು. ಎರಡು ಸಲ ಟಕ್ ಟಕ್ ಅಂತ ಶಬ್ದ ಬಂತು. ಆಮೇಲೆ ಏನೂ ಇಲ್ಲ.

ಬುಡದಲ್ಲಿ ಒಣಗಿದ ಎಲೆ ಪಾದ ಮುಳುಗುವಷ್ಟು. ಚೆಂಡು ಹುಡುಕಲು 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ನಾಲ್ವರೂ ಬಂದು ಹುಡುಕಿದೆವು. ಬೀಗದವರು ತಮ್ಮ ಚೆಂಡು ಬಿಟ್ಟು ಬಂದಿದ್ದರು. ಹುಡುಗಿ ಕಾಲಿನಿಂದ ಎಲೆ ಒದೆಯಲಿಲ್ಲ. ಕೂತು ಬೆರಳ ತುದಿಯಲ್ಲಿ ಒಂದೊಂದೇ ಎತ್ತಿದಳು. 'ಜೋರಾಗಿ ಸರಿಸಿ ಚೆಂಡು ಅಲುಗಿದರೆ ಆಮೇಲೆ ಅದನ್ನ ಮತ್ತೆ ಅಲ್ಲೇ ಇಡಬೇಕು ಆಂಟಿ' ಅಂದಳು. ಎರಡು ಬೇರುಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೆಂಡು ಅವಳಿಗೇ ಸಿಕ್ಕಿತು.

ಅಲ್ಲಿಂದ ಹೊಡೆದರೆ ಕ್ಲಬ್ ಬೇರಿಗೆ ಬಡಿಯುತ್ತದೆ. ಮಣಿಕಟ್ಟು ಹೋಗುತ್ತದೆ. ಅಜ್ಜ ಏನೂ ಹೇಳಲಿಲ್ಲ, ನಾನೇ ನೋಡಿ ನಿರ್ಧರಿಸಲಿ ಅಂತ ಪಕ್ಕಕ್ಕೆ ನಿಂತರು. ಆಡಲಾಗದ ಚೆಂಡು ಅಂತ ಘೋಷಿಸಿದೆ. ಒಂದು ಹೊಡೆತ ದಂಡ. ಎರಡು ಕ್ಲಬ್ ಉದ್ದ ಅಳೆದು, ಕುಳಿಗೆ ಹತ್ತಿರ ಆಗದ ಹಾಗೆ, ಮೊಣಕಾಲೆತ್ತರದಿಂದ ಚೆಂಡು ಬಿಟ್ಟೆ. ಕೊಂಬೆಗಳ ಕೆಳಗೆ ಒಂದು ಕಿಂಡಿ ಕಾಣುತ್ತಿತ್ತು. ಐದನೇ ಐರನ್ ಅನ್ನುವ ಕ್ಲಬ್‌ನಿಂದ ನೆಲಕ್ಕೆ ಹತ್ತಿ ಹೋಗುವ ಹಾಗೆ ಮೆಲ್ಲಗೆ ತಳ್ಳಿದೆ. ಚೆಂಡು ನೆರಳು ದಾಟಿ ಬಿಸಿಲಿಗೆ ಬಂದು ನಿಂತಿತು. ಆಗ ಅಜ್ಜ ಬಾಯಿ ಬಿಟ್ಟರು: 'ಈ ಮರ ನನಗೆ ಮೂವತ್ತು ವರ್ಷದಿಂದ ಪರಿಚಯ. ನೀವು ಮಾಡಿದ್ದೇ ಸರಿ.' ಆ ಹೋಲ್‌ನಲ್ಲಿ ನನಗೆ ಸಿಕ್ಕಿದ್ದು ಒಂದು ಅಂಕ. ಇಡೀ ದಿನದ ಆಟದಲ್ಲಿ ನೆನಪಲ್ಲಿ ಉಳಿದದ್ದು ಅದೇ.

ಗ್ರೀನ್ ಮೇಲೆ ಹುಡುಗಿ ಇನ್ನೊಂದು ಕೆಲಸ ಮಾಡಿದಳು. ಮೇಲಿಂದ ಬಿದ್ದ ಚೆಂಡು ಹುಲ್ಲಿನಲ್ಲಿ ಒಂದು ಸಣ್ಣ ಗುಳಿ ಮಾಡುತ್ತದೆ. ಅವಳು ಜೇಬಿನಿಂದ ಎರಡು ಹಲ್ಲಿನ ಪುಟ್ಟ ಫೋರ್ಕ್ ತೆಗೆದು, ಗುಳಿಯ ಅಂಚಿಗೆ ಚುಚ್ಚಿ, ಹುಲ್ಲನ್ನು ನಾಲ್ಕು ಕಡೆಯಿಂದ ನಡುವಿಗೆ ತಳ್ಳಿದಳು. ನಾನು ಇಷ್ಟು ವರ್ಷ ಕೆಳಗಿಂದ ಮೇಲಕ್ಕೆ ಎಬ್ಬಿಸುತ್ತಿದ್ದೆ. ಹಾಗೆ ಎಬ್ಬಿಸಿದರೆ ಬೇರು ಹರಿದು ಹುಲ್ಲು ಸಾಯುತ್ತದಂತೆ. ಕೊನೆಗೆ ಪಟರ್, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್ಬಿನ ತಳದಿಂದ ಎರಡು ಸಲ ತಟ್ಟಿದಳು. ಗುಳಿ ಎಲ್ಲಿತ್ತು ಅಂತ ಹೇಳಲಾಗದಂತೆ ಸಪಾಟಾಯಿತು. ತನ್ನದು ಮುಗಿದ ಮೇಲೆ ಬೇರೆ ಯಾರದ್ದೋ ಎರಡು ಗುಳಿಯನ್ನೂ ಸರಿ ಮಾಡಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಹತ್ತನೇ ಟೀ ಹತ್ತಿರ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿಕೊಂಡು ಒಬ್ಬರು ನಾವು ಹೊಡೆಯುವುದನ್ನು ಕಾಯುತ್ತಿದ್ದರು. ಮೈದಾನ ನೋಡಿಕೊಳ್ಳುವವರು ಅವರೇ. ಇಷ್ಟು ಕಡಿಮೆ ಫೀಗೆ ಹೇಗೆ ನಡೆಸುತ್ತೀರಿ ಅಂತ ಕೇಳದೇ ಇರಲಾಗಲಿಲ್ಲ, ನನ್ನ ಕೆಲಸದ ಅಭ್ಯಾಸ ಅದು. ಅವರು ಹೇಳಿದ್ದು ಪೂರಾ ಲೆಕ್ಕದ ಮಾತು.

ಮೊದಲನೆಯದು ಬಂಕರ್. ಮರಳಿನ ಗುಂಡಿ ನೋಡಲು ಚೆಂದ, ಆದರೆ ಹಣ ನುಂಗುತ್ತದೆ. ದಿನಾ ಕುಂಟೆ ಎಳೆಯಬೇಕು, ಅಂಚು ಕತ್ತರಿಸಬೇಕು, ಮಳೆ ಬಂದರೆ ಜಾರಿದ ಮರಳನ್ನು ಮೇಲಕ್ಕೆ ತಳ್ಳಬೇಕು, ಕೆಲವು ವರ್ಷಕ್ಕೊಮ್ಮೆ ಮರಳನ್ನೇ ಬದಲಿಸಬೇಕು. ಈ ಮೈದಾನದಲ್ಲಿ ಇರುವುದು 19. ಉಳಿದವನ್ನು ಮುಚ್ಚಿ ಹುಲ್ಲಿನ ತಗ್ಗು ಮಾಡಿದ್ದಾರೆ. ಹೊಸಬರಿಗೆ ಅದರಿಂದ ಆಚೆ ಬರಲು ಸುಲಭ, ಇವರಿಗೆ ಯಂತ್ರದಲ್ಲೇ ಕತ್ತರಿಸಲು ಸುಲಭ.

ಎರಡನೆಯದು ಹುಲ್ಲಿನ ಎತ್ತರ. ದೊಡ್ಡ ಪಂದ್ಯ ನಡೆಯುವ ಕಡೆ ಗ್ರೀನ್ ಹುಲ್ಲನ್ನು 3 ಮಿಲಿಮೀಟರಿಗೋ ಇನ್ನೂ ಕೆಳಕ್ಕೋ ಕತ್ತರಿಸುತ್ತಾರೆ. ಇವರು 5 ಬಿಡುತ್ತಾರೆ. ಎರಡು ಮಿಲಿಮೀಟರ್‌ನಲ್ಲಿ ಏನಿದೆ ಅನಿಸಬಹುದು. ಹುಲ್ಲು ಅಷ್ಟು ಗಿಡ್ಡ ಆದರೆ ಬೇರೂ ಗಿಡ್ಡ ಆಗುತ್ತದೆ. ಆಗ ನೀರು ಜಾಸ್ತಿ ಬೇಕು, ರೋಗ ಬೇಗ ತಗಲುತ್ತದೆ, ಔಷಧಿ ಹೊಡೆಯಬೇಕು. ಎರಡು ಮಿಲಿಮೀಟರ್ ಬಿಟ್ಟಿದ್ದಕ್ಕೆ ಚೆಂಡು ಸ್ವಲ್ಪ ನಿಧಾನ ಓಡುತ್ತದೆ. ನಮ್ಮಂಥವರಿಗೆ ಅದು ಒಳ್ಳೆಯದೇ ಅಲ್ವಾ?

ಮೂರನೆಯದು ಮರ. ಗ್ರೀನ್‌ನ ಮೂಡಣ ದಿಕ್ಕಿಗೆ ಮರ ದಟ್ಟ ಇದ್ದರೆ ಬೆಳಗಿನ ಬಿಸಿಲು ಬೀಳುವುದಿಲ್ಲ. ಇಬ್ಬನಿ ಒಣಗುವುದು ತಡ, ಹುಲ್ಲಿಗೆ ರೋಗ. ಇವರು ಮರ ಕಡಿಯುವುದಿಲ್ಲ, ಕೆಳಗಿನ ಕೊಂಬೆ ಎತ್ತರಿಸಿ ಬೆಳಕಿಗೆ ದಾರಿ ಮಾಡುತ್ತಾರೆ. ಇದನ್ನು ಹೇಳುವಾಗ ಅವರು ಕೈ ಎತ್ತಿ ಎರಡು ಮರಗಳ ನಡುವಿನ ಕಿಂಡಿ ತೋರಿಸಿದರು. ಯಾರಾದರೂ ಮನೆಗೆ ಕಿಟಕಿ ಇಡಿಸಿದ್ದನ್ನು ತೋರಿಸುವ ಹಾಗೆ.

ನೂರು ವರ್ಷದ ಹಿಂದೆ ಅಲಿಸ್ಟರ್ ಮೆಕೆಂಜಿ ಅನ್ನುವವರು ಇದನ್ನೇ ಹೇಳಿದ್ದರು. ಅವರೂ ವೈದ್ಯ ವೃತ್ತಿಯಿಂದ ಬಂದು ಮೈದಾನ ವಿನ್ಯಾಸಕ್ಕೆ ಇಳಿದವರು. ಜಾಸ್ತಿ ಹೊಡೆತ ತಗೊಳ್ಳುವವರು, ಅಷ್ಟೇ ಏಕೆ, ಇವತ್ತೇ ಆಟ ಶುರು ಮಾಡಿದವರು ಕೂಡ ಖುಷಿಯಾಗಿ ಆಡುವಂತೆ ಮೈದಾನ ಇರಬೇಕು. ಕಳೆದ ಚೆಂಡು ಹುಡುಕುವ ಕಿರಿಕಿರಿ ಇರಬಾರದು ಅನ್ನುವುದು ಅವರ ತತ್ವಗಳಲ್ಲಿ ಎರಡು. ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಅವರು ರೂಪಿಸಿದ ಅಮೆರಿಕದ ಅಗಸ್ಟಾ ನ್ಯಾಷನಲ್ ಮೈದಾನ 1933ರಲ್ಲಿ ತೆರೆದಾಗ ಅಲ್ಲಿ ಬಂಕರ್‌ಗಳು ಮೂವತ್ತಕ್ಕಿಂತ ಕಡಿಮೆ. ಆ ಕಾಲದ ಕೆಲವು ಹೆಸರಾಂತ ಮೈದಾನಗಳಲ್ಲಿ ನೂರಕ್ಕೂ ಜಾಸ್ತಿ ಇದ್ದವು. ಮಾಸ್ಟರ್ಸ್ ಪಂದ್ಯ ನಡೆಯುವಾಗ ಟಿವಿಯಲ್ಲಿ ವರ್ಷಕ್ಕೊಮ್ಮೆ ನಾವು ನೋಡುವ ಅದೇ ಅಗಸ್ಟಾ. ಆಮೇಲೆ ಅದು ತುಂಬಾ ಬದಲಾಗಿದೆ. ಆದರೆ ಮೆಕೆಂಜಿ ಹೇಳಿದ ಮಾತು ನನಗೆ ಕಣ್ಣಾರೆ ಕಂಡದ್ದು ಆ ಊರಾಚೆಯ ಮೈದಾನದಲ್ಲಿ.

ಇನ್ನು ನನ್ನ ದೂರು. ಅದನ್ನೂ ಬರೆಯದಿದ್ದರೆ ಪತ್ರ ಪೂರ್ತಿ ಆಗುವುದಿಲ್ಲ.

ಎರಡು ವರ್ಷದ ಹಿಂದೆ ಇನ್ನೊಂದು ಕಡೆ ಫೋನಿನಲ್ಲಿ ಬನ್ನಿ ಅಂದರು. ಒಂದು ಗಂಟೆ ಪ್ರಯಾಣ ಮಾಡಿ ಹೋದೆ. ಕೌಂಟರಿನಲ್ಲಿದ್ದವರು ಒಬ್ಬರೇ ಬಂದರೆ ಬಿಡುವುದಿಲ್ಲ ಅಂದರು. ಯಾರ ಜೊತೆಗಾದರೂ ಸೇರಿಸಿ ಅಂದೆ. ಸದಸ್ಯರಿಗೆ ಇಷ್ಟ ಆಗಲ್ಲ ಅಂದರು. ಆಮೇಲೆ ನನ್ನ ಅಂಗಿ ನೋಡಿ ಕಾಲರ್ ಇಲ್ಲ ಅಂದರು. ಫೋನಿನಲ್ಲಿ ಇದ್ಯಾವುದೂ ಹೇಳಿರಲಿಲ್ಲ. ಮೊದಲ ಟೀ ನನ್ನ ಕಣ್ಣೆದುರೇ ಇತ್ತು. ನಲವತ್ತು ನಿಮಿಷ ಅಲ್ಲಿ ಒಬ್ಬರೂ ಹೊರಡಲಿಲ್ಲ. ಪೂರಾ ಖಾಲಿ. ವಾಪಸ್ ಬರುವ ಬಸ್ಸಿಗೆ ಕಾಯುತ್ತಾ ಅದನ್ನೇ ನೋಡುತ್ತಾ ಕೂತಿದ್ದೆ. ಅವತ್ತು ನನಗೆ ಆದ ನೋವು ಆಟ ತಪ್ಪಿತು ಅಂತ ಅಲ್ಲ. ಬೇಡದವರನ್ನು ಕಂಡ ಹಾಗೆ ಕಂಡರಲ್ಲ, ಅದು. ಆ ಮೈದಾನಕ್ಕೆ ನನ್ನನ್ನು ಒಳಗೆ ಬಿಟ್ಟಿದ್ದರೆ ಒಂದು ಪೈಸೆ ಹೆಚ್ಚು ಖರ್ಚು ಇರಲಿಲ್ಲ. ಹುಲ್ಲು ಹೇಗೂ ಕತ್ತರಿಸಿ ಆಗಿತ್ತು. ನನ್ನ ಫೀ ಪೂರ್ತಿ ಲಾಭಕ್ಕೇ ಬರುತ್ತಿತ್ತು. ಯಾವ ಆಡಿಟರ್ ನೋಡಿದರೂ ಇದು ಬರಬೇಕಿದ್ದ ಹಣ ಬಿಟ್ಟ ಹಾಗೆ ಅನ್ನುತ್ತಾರೆ.

ಆಟದ ತವರು ಅನಿಸಿಕೊಂಡ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನ ಖಾಸಗಿ ಆಸ್ತಿಯೂ ಅಲ್ಲ, ಸಾರ್ವಜನಿಕ ಮೈದಾನ. 1764ರಲ್ಲಿ 22 ಹೋಲ್‌ಗಳನ್ನು 18ಕ್ಕೆ ಇಳಿಸಿದ್ದು ಅಲ್ಲೇ. ಜಗತ್ತೆಲ್ಲ ಇವತ್ತು 18 ಆಡುವುದು ಆ ನಿರ್ಧಾರದಿಂದ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವೇ ಇರುವುದಿಲ್ಲ. ಊರಿನವರು ಮಕ್ಕಳು, ನಾಯಿ ಕರೆದುಕೊಂಡು ಅದರ ಮೇಲೆ ಓಡಾಡುತ್ತಾರೆ. ಒಬ್ಬರೇ ಬರುವ ಪ್ರಯಾಣಿಕರಿಗೂ ಅಲ್ಲಿ ದಾರಿ ಇದೆ. ಮೊದಲು ಅಂಥವರು ರಾತ್ರಿಯಿಂದಲೇ ಸಾಲಿನಲ್ಲಿ ನಿಲ್ಲುತ್ತಿದ್ದರು. 2024ರಿಂದ ಅವರಿಗಾಗಿಯೇ ದಿನಾ ಚೀಟಿ ಎತ್ತುತ್ತಾರೆ, ಅದೂ ಡಿಜಿಟಲ್ ಆಗಿ. ಹೆಸರು ಬಂದರೆ ಎರಡು ಅಥವಾ ಮೂರು ಜನರ ಗುಂಪಿನ ಜೊತೆ ಸೇರಿಸುತ್ತಾರೆ. ಜಗತ್ತಿನಲ್ಲೇ ಅತಿ ಹೆಚ್ಚು ಬೇಡಿಕೆ ಇರುವ ಮೈದಾನಗಳಲ್ಲಿ ಒಂದು, ಒಬ್ಬರಿಗೆ ಜಾಗ ಮಾಡಿಕೊಡುತ್ತದೆ. ಖಾಲಿ ಇರುವ ಮೈದಾನಕ್ಕೆ ಯಾಕೆ ಆಗುವುದಿಲ್ಲ?

ಕೆಲವು ದೇಶಗಳ ಹಳ್ಳಿಗಾಡಿನ ಮೈದಾನಗಳಲ್ಲಿ ಕೌಂಟರಿನಲ್ಲಿ ಯಾರೂ ಇರುವುದೇ ಇಲ್ಲ. ನ್ಯೂಜಿಲೆಂಡಿನಲ್ಲಿ, ಸ್ಕಾಟ್ಲೆಂಡಿನಲ್ಲಿ ಅಂಥವು ಇವೆ. ಗೋಡೆಗೆ ಒಂದು ಪೆಟ್ಟಿಗೆ. ಫೀ ಲಕೋಟೆಯಲ್ಲಿ ಹಾಕಿ, ಹೆಸರು ಬರೆದು ಪೆಟ್ಟಿಗೆಯೊಳಗೆ ಬಿಟ್ಟು ಆಡಲು ಹೋಗುವುದು. ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆ. ಲೆಕ್ಕದವಳಾದ ನನಗೂ ಅದು ತುಂಬಾ ಇಷ್ಟ.

ಆರೋಗ್ಯದ ಮಾತನ್ನೂ ಸೇರಿಸುತ್ತೇನೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಮೂರು ಲಕ್ಷ ಗಾಲ್ಫ್ ಆಟಗಾರರ ದಾಖಲೆ ನೋಡಿ 2008ರಲ್ಲಿ ವರದಿ ಕೊಟ್ಟಿದ್ದರು. ಅದೇ ವಯಸ್ಸಿನ, ಅದೇ ಆರ್ಥಿಕ ಮಟ್ಟದ ಉಳಿದವರಿಗಿಂತ ಇವರಲ್ಲಿ ಸಾವಿನ ಪ್ರಮಾಣ ಶೇ 40ರಷ್ಟು ಕಡಿಮೆ ಇತ್ತು. ಗಾಲ್ಫ್‌ನಿಂದಲೇ ಹಾಗಾಯಿತು ಅಂತ ಖಂಡಿತ ಹೇಳಲು ಬರುವುದಿಲ್ಲ, ಮೊದಲೇ ಆರೋಗ್ಯವಾಗಿದ್ದವರೇ ಆಡಲು ಬಂದಿರಬಹುದು. ಆದರೂ 18 ಹೋಲ್ ಅಂದರೆ ಆರೇಳು ಕಿಲೋಮೀಟರ್ ನಡಿಗೆಗೆ ಮೋಸವಿಲ್ಲ. ಇಡೀ ದಿನ ಕುರ್ಚಿಯಲ್ಲಿ ಕೂತು ಸಂಜೆ ಬೆನ್ನು ಹಿಡಿದುಕೊಳ್ಳುವ ನನ್ನಂಥವರಿಗೆ ಅದೇ ದೊಡ್ಡದು.

ಹಾಗಾಗಿ ಮೈದಾನ ನಡೆಸುವವರಿಗೆ ನನ್ನ ಬೇಡಿಕೆ ಇಷ್ಟು. ವಾರದ ದಿನಗಳಲ್ಲಿ ಮಧ್ಯಾಹ್ನದ ಒಂದೆರಡು ಗುಂಪಿನಲ್ಲಿ ಒಬ್ಬರಿಗೆ ಜಾಗ ಬಿಡಿ. ಒಂದು ಅರ್ಧ ಸೆಟ್ ಕ್ಲಬ್ ತೊಳೆದು ಇಡಿ, ಎಡಗೈಯವರಿಗೂ ಒಂದು ಇರಲಿ. ಬಟ್ಟೆಯ ನಿಯಮ ಏನೇ ಇರಲಿ, ಫೋನಿನಲ್ಲೇ ಹೇಳಿ. ಸಮಯ ಕಡಿಮೆ ಇರುವವರಿಗೆ ಒಂಬತ್ತು ಹೋಲ್‌ಗೆ ಬೇರೆ ದರ ಇಡಿ. ಈಗ ಹ್ಯಾಂಡಿಕ್ಯಾಪ್ ಲೆಕ್ಕಕ್ಕೂ ಒಂಬತ್ತು ಹೋಲ್ ಆಟ ನಡೆಯುತ್ತದೆ.

ನಾವು ಹೊರಗಿನಿಂದ ಬರುವವರೂ ಸುಮ್ಮನೆ ಕೈ ಬೀಸಿಕೊಂಡು ಹೋಗಬಾರದು. ಹೊರಡುವ ಮುಂಚೆ ಫೋನ್ ಮಾಡಬೇಕು. ಬರಲಾಗದಿದ್ದರೆ ಅದಕ್ಕೂ ಫೋನ್ ಮಾಡಬೇಕು, ಆ ಜಾಗ ಬೇರೆಯವರಿಗೆ ಸಿಗುತ್ತದೆ. ಹಿಂದೆ ಬರುವ ಗುಂಪು ಕಾಯುತ್ತಿದ್ದರೆ ಪಕ್ಕಕ್ಕೆ ನಿಂತು ಅವರನ್ನು ಮುಂದೆ ಬಿಡಬೇಕು. ಚೆಂಡು ಯಾರ ಕಡೆಗಾದರೂ ಹೋದರೆ ನಾಚಿಕೆ ಬಿಟ್ಟು 'ಫೋರ್' ಅಂತ ಕೂಗಬೇಕು. ಗ್ರೀನ್ ಮೇಲಿನ ಗುಳಿ ಮುಚ್ಚಬೇಕು, ಆ ಹುಡುಗಿ ಮುಚ್ಚಿದ ಹಾಗೆ.

ನಿಮಗೆ ಒಂದು ವಿನಂತಿ, ಸಂಪಾದಕರೇ. ಕ್ರೀಡಾ ಪುಟದಲ್ಲಿ ಗಾಲ್ಫ್ ಬರುವುದು ಯಾರಾದರೂ ದೊಡ್ಡ ಮೊತ್ತ ಗೆದ್ದಾಗ ಮಾತ್ರ. ಗೆದ್ದವರ ಸುದ್ದಿ ಬರಲಿ, ಬೇಡ ಅನ್ನುವುದಿಲ್ಲ. ವರ್ಷಕ್ಕೆ ಒಂದು ಸಲವಾದರೂ ಇಂಥ ಒಂದು ಸಣ್ಣ ಮೈದಾನಕ್ಕೆ ನಿಮ್ಮ ವರದಿಗಾರರನ್ನು ಕಳಿಸಿ. ಹುಲ್ಲು ಕತ್ತರಿಸುವವರ ಜೊತೆ ಒಂದು ಗಂಟೆ ಮಾತಾಡಲಿ. ಕಳೆದ ವಾರ ಬರೆದ ಆ ಓದುಗರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಅವರು ಆಡದಿದ್ದರೂ ಪರವಾಗಿಲ್ಲ, ನಮ್ಮ ಜೊತೆ ನಡೆದು ಬರಲಿ.

ಅವತ್ತು ಕೊನೆಯ ಹೋಲ್ ಮುಗಿಯುವಾಗ ಆರಕ್ಕೆ ಐದು ನಿಮಿಷ ಇತ್ತು. ನಾಲ್ವರೂ ಕ್ಯಾಪ್ ತೆಗೆದು ಕೈ ಕುಲುಕಿದೆವು. ನನ್ನದು 31 ಅಂಕ, ಹುಡುಗಿಯದು 34. ಡಬ್ಬಿಯಿಂದ ತೆಗೆದಿದ್ದ ಆರು ಚೆಂಡಿನಲ್ಲಿ ನಾಲ್ಕು ಉಳಿದಿದ್ದವು, ವಾಪಸ್ ಹಾಕಿದೆ. ನಾನು ಚೀಲ ಕೊಟ್ಟು ಬರುವಷ್ಟರಲ್ಲಿ ಹುಡುಗಿ ಓಡಿ ಬಂದು ತನ್ನ ಹತ್ತಿರ ಎರಡಿದೆ ಅಂತ ಆ ಪುಟ್ಟ ಫೋರ್ಕ್ ಒಂದನ್ನು ನನ್ನ ಕೈಗಿಟ್ಟಳು.

ಬರುವ ತಿಂಗಳು ಇನ್ನೊಂದು ಊರಿನಲ್ಲಿ ಮೂರು ದಿನ ಕೆಲಸ ಇದೆ. ನಿನ್ನೆ ಅಲ್ಲಿನ ಮೈದಾನಕ್ಕೆ ಫೋನ್ ಮಾಡಿ ಅದೇ ನಾಲ್ಕು ಪ್ರಶ್ನೆ ಕೇಳಿದೆ. ಬುಧವಾರ ಮೂರು ಗಂಟೆಗೆ ಬನ್ನಿ, ಇಬ್ಬರು ಇದ್ದಾರೆ, ಜೊತೆಗೆ ಆಡಿ ಅಂದಿದ್ದಾರೆ.

ಇಂತಿ,
ಕೆಲಸಕ್ಕಾಗಿ ಊರೂರು ಸುತ್ತುವ ನಿಮ್ಮ ಒಬ್ಬ ಓದುಗಿ